ಕಚೇರಿಯ ಡೇಟಾ ಎಲ್ಲಿಡಬೇಕು? ನ್ಯಾಸ್, ಗೂಗಲ್ ಡ್ರೈವ್ ಥರದ ಕ್ಲೌಡ್, ಆಬ್ಜೆಕ್ಟ್ ಸ್ಟೋರೇಜ್ ಬಳಸಿ ನೋಡಿದ ಮೇಲೆ

ಸ್ಟೋರೇಜ್ ಕೊಳ್ಳಲು ಹೊರಟವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಟಿಬಿ ಸಿಗುತ್ತದೆ, ಎಷ್ಟು ದುಡ್ಡು ಆಗುತ್ತದೆ. ನನಗೆ ಇವೆರಡಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು: ನಾಳೆ ಬೆಳಿಗ್ಗೆ ಇದೆಲ್ಲ ಹೋಗಿದ್ದರೆ, ಕೆಲಸ ಮತ್ತೆ ಶುರುವಾಗಲು ಎಷ್ಟು ಹೊತ್ತು ಬೇಕು?

ನಮ್ಮದು ಸಣ್ಣ ಡಿಸೈನ್ ಕಚೇರಿ. ಭಾರೀ ಗಾತ್ರದ ಫೋಟೋ, ವಿಡಿಯೊ ಫೈಲುಗಳು ಒಂದು ಕಡೆ. ಲೆಕ್ಕ, ಬಿಲ್ಲು, ಒಪ್ಪಂದದ ಪಿಡಿಎಫ್‌ಗಳು ಇನ್ನೊಂದು ಕಡೆ. ಇವನ್ನೇ ಇಟ್ಟುಕೊಂಡು ಒಂದೊಂದು ವ್ಯವಸ್ಥೆಯನ್ನೂ ದಿನದ ಕೆಲಸಕ್ಕೆ ಬಳಸಿ ನೋಡಿದೆವು. ಪ್ರತಿಯೊಂದರಲ್ಲೂ ಬೇಕೆಂದೇ ಫೋಲ್ಡರ್ ಅಳಿಸಿ ವಾಪಸ್ ತರಿಸಿದೆವು. ನಿಜವಾದ ವ್ಯತ್ಯಾಸ ಕಂಡಿದ್ದು ಈ ವಾಪಸ್ ತರಿಸುವಾಗಲೇ.

ಮೊದಲು ಯುಎಸ್‌ಬಿ ಹಾರ್ಡ್ ಡಿಸ್ಕ್ ವಿಷಯ ಮುಗಿಸಿಬಿಡುತ್ತೇನೆ. ಅಗ್ಗ, ಇಂಟರ್ನೆಟ್ ಬೇಡ, ಕೇಬಲ್ ಕಿತ್ತಿಟ್ಟರೆ ಯಾವ ವೈರಸ್ಸೂ ತಲುಪುವುದಿಲ್ಲ. ಆದರೆ ಒಂದು ಸಲಕ್ಕೆ ಒಬ್ಬರು ಮಾತ್ರ ಬಳಸಬಹುದು, ದಿನಾ ಯಾರಾದರೂ ನೆನಪಿಟ್ಟು ಕಾಪಿ ಮಾಡಬೇಕು. ಹೆಚ್ಚುವರಿ ಕಾಪಿಯಾಗಿ ಚೆನ್ನಾಗಿದೆ, ಕಚೇರಿಯ ಮುಖ್ಯ ಜಾಗವಾಗಿ ಬೇಡ. ಇದಕ್ಕೆ ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಬಳಸುವವರು ಒಂದು ನೆನಪಿಡಿ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಅದರಲ್ಲಿರುವ ಡೇಟಾ ಹಾಳಾಗಬಹುದು.

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಥರದ ಸಿಂಕ್ ಕ್ಲೌಡ್‌ಗಳು (ಒಂದು ಕಡೆ ಮಾಡಿದ ಬದಲಾವಣೆ ತಾನಾಗಿಯೇ ಎಲ್ಲರ ಕಡೆಗೂ ಹೋಗುವಂಥವು) ದಾಖಲೆ, ಸ್ಪ್ರೆಡ್‌ಶೀಟ್ ಕೆಲಸಕ್ಕೆ ಬಹಳ ಅನುಕೂಲ. ಇಬ್ಬರು ಒಂದೇ ಹಾಳೆಯಲ್ಲಿ ಒಟ್ಟಿಗೆ ಬರೆಯಬಹುದು, ಗ್ರಾಹಕರಿಗೆ ಲಿಂಕ್ ಕಳಿಸಿದರೆ ಕೆಲಸ ಮುಗಿಯಿತು, ಫೋನಲ್ಲೂ ತೆರೆಯುತ್ತದೆ. ಈ ವಿಷಯದಲ್ಲಿ ಬೇರೆ ಯಾವುದೂ ಇದರ ಹತ್ತಿರ ಬರಲಿಲ್ಲ.

ತೊಂದರೆ ಶುರುವಾಗುವುದು ದೊಡ್ಡ ಫೈಲುಗಳಲ್ಲಿ. ಲೆಕ್ಕ ಸರಳವಾಗಿದೆ: ಸೆಕೆಂಡಿಗೆ 100 ಮೆಗಾಬಿಟ್ ವೇಗದ ಲೈನ್ ಪೂರ್ತಿ ನಿಮಗೇ ಸಿಕ್ಕರೂ 1 ಟಿಬಿ ಇಳಿಸಿಕೊಳ್ಳಲು ಸುಮಾರು 22 ಗಂಟೆ ಬೇಕು, ಅಷ್ಟು ಹೊತ್ತು ಉಳಿದವರ ಇಂಟರ್ನೆಟ್ ಕತೆ ಏನು ಅಂತ ನೀವೇ ಯೋಚಿಸಿ. ಒಂದೇ ವಿಡಿಯೊ ಪ್ರಾಜೆಕ್ಟನ್ನು ಇಬ್ಬರು ತೆರೆದು ಉಳಿಸಿದಾಗ ಎರಡೆರಡು ಕಾಪಿ ಹುಟ್ಟಿಕೊಂಡವು. ಯಾವುದು ಸರಿಯಾದದ್ದು ಅಂತ ಕೂತು ಹೋಲಿಸಬೇಕಾಯಿತು. ಲೆಕ್ಕದ ಸಾಫ್ಟ್‌ವೇರ್‌ನ ಡೇಟಾ ಫೋಲ್ಡರನ್ನಂತೂ ಸಿಂಕ್ ಫೋಲ್ಡರ್ ಒಳಗೆ ಇಡಲೇಬೇಡಿ. ಅರ್ಧ ಬರೆದಿರುವಾಗಲೇ ಸಿಂಕ್ ಆಗಿ ಫೈಲ್ ಕೆಡುವ ಅಪಾಯ ಇದೆ.

ಇನ್ನೊಂದು ಮಾತನ್ನು ಜೋರಾಗಿಯೇ ಹೇಳಬೇಕು. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಒಬ್ಬರ ಲ್ಯಾಪ್‌ಟಾಪಲ್ಲಿ ಅಳಿಸಿದ್ದು ಎಲ್ಲರ ಕಡೆಯೂ ಅಳಿಸಿಹೋಗುತ್ತದೆ. ಗೂಗಲ್ ಡ್ರೈವ್ ಕಸದಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ, ಒನ್‌ಡ್ರೈವ್‌ನ ಕಚೇರಿ ಖಾತೆಯಲ್ಲಿ ಸಾಮಾನ್ಯವಾಗಿ 93 ದಿನ. ವರ್ಷಕ್ಕೊಮ್ಮೆ ತೆರೆಯುವ ಫೋಲ್ಡರ್ ಕಾಣೆಯಾದರೆ ಗೊತ್ತಾಗುವ ಹೊತ್ತಿಗೆ ಬುಟ್ಟಿ ಖಾಲಿಯಾಗಿರುತ್ತದೆ, ಅಲ್ವಾ?

ಈಗ ನ್ಯಾಸ್. ಹಲವು ಡಿಸ್ಕ್ ಹಾಕಿ ಕಚೇರಿಯ ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ ಇದು. ನಾನು ಜಾಸ್ತಿ ಹೊತ್ತು ಕಳೆದಿದ್ದು ಇದರ ಜೊತೆಯೇ. ಮಾಮೂಲಿ ಗಿಗಾಬಿಟ್ ಕೇಬಲ್‌ನಲ್ಲೇ ಸೆಕೆಂಡಿಗೆ 110 ಎಂಬಿ ಹತ್ತಿರ ಬರುತ್ತದೆ, ಅಂದರೆ ಅದೇ 1 ಟಿಬಿ ಎರಡೂವರೆ ಗಂಟೆ ಚಿಲ್ಲರೆಯಲ್ಲಿ ಕೈಗೆ ಬರುತ್ತದೆ. ವಿಡಿಯೊ ಎಡಿಟ್ ಮಾಡುವವರು ಇದನ್ನು ಬಿಟ್ಟು ಬೇರೆ ಕಡೆ ಹೋಗಲು ಒಪ್ಪಲೇ ಇಲ್ಲ.

ಡಿಸ್ಕ್ ಕೊಳ್ಳುವಾಗ ರೇಡ್ ಬಗ್ಗೆ ಸ್ವಲ್ಪ ತಿಳಿದಿರಲಿ. ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ವಿಧಾನ ಅದು. 4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ರೇಡ್ 5 ಮಾಡಿದರೆ ಬಳಸಲು ಸಿಗುವುದು 12 ಟಿಬಿ. ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ. ರೇಡ್ 6 ಆದರೆ 8 ಟಿಬಿ ಸಿಗುತ್ತದೆ, ಎರಡು ಡಿಸ್ಕ್ ಹೋದರೂ ತಡೆದುಕೊಳ್ಳುತ್ತದೆ. ಸತ್ತ ಡಿಸ್ಕ್ ಬದಲಿಸಿದ ಮೇಲೆ ಮರುನಿರ್ಮಾಣ (ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬುವ ಕೆಲಸ) ನಡೆಯುವಾಗ ಉಳಿದ ಡಿಸ್ಕ್‌ಗಳ ಮೇಲೆ ಗಂಟೆಗಟ್ಟಲೆ, ದೊಡ್ಡದಾದರೆ ದಿನಗಟ್ಟಲೆ ಭಾರ ಬೀಳುತ್ತದೆ, ಒಂದೇ ದಿನ ಕೊಂಡ ಡಿಸ್ಕ್‌ಗಳಾದ್ದರಿಂದ ಇನ್ನೊಂದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಹಾಗಾಗಿ ದೊಡ್ಡ ಡಿಸ್ಕ್‌ಗಳಿಗೆ ನನ್ನ ಮತ ರೇಡ್ 6ಕ್ಕೆ. ಡಿಸ್ಕ್ ಕೊಳ್ಳುವ ಮೊದಲು ಸಿಎಂಆರ್ (ಡೇಟಾದ ಸಾಲುಗಳನ್ನು ಒಂದರ ಪಕ್ಕ ಒಂದು ಬರೆಯುವ ಬಗೆ) ಹೌದೋ ಅಂತ ಕೇಳಿ ನೋಡಿ. ಸಾಲುಗಳು ಸ್ವಲ್ಪ ಒಂದರ ಮೇಲೊಂದು ಬರುವ ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ಮರುನಿರ್ಮಾಣ ತುಂಬಾ ನಿಧಾನ.

ನ್ಯಾಸ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ನ್ಯಾಪ್‌ಶಾಟ್. ಗಂಟೆಗೊಮ್ಮೆ ಫೋಲ್ಡರ್ ಆ ಕ್ಷಣದಲ್ಲಿ ಹೇಗಿತ್ತೋ ಹಾಗೇ ಗುರುತು ಹಾಕಿಡುತ್ತದೆ, ಬದಲಾದಷ್ಟಕ್ಕೆ ಮಾತ್ರ ಜಾಗ ಹಿಡಿಯುತ್ತದೆ. ಅಳಿಸಿದ ದೊಡ್ಡ ಫೋಲ್ಡರನ್ನು ವಾಪಸ್ ತರಲು ಒಂದು ಚಹಾ ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಯಾರದೋ ಕಂಪ್ಯೂಟರಿಗೆ ಫೈಲ್ ಲಾಕ್ ಮಾಡಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಹತ್ತಿ ಹಂಚಿಕೊಂಡ ಫೋಲ್ಡರ್‌ಗಳನ್ನೆಲ್ಲ ಲಾಕ್ ಮಾಡಿದರೂ ಹಿಂದಿನ ಗಂಟೆಗೆ ಹೋಗಬಹುದು. ಆದರೆ ನ್ಯಾಸ್‌ನ ಅಡ್ಮಿನ್ ಪಾಸ್‌ವರ್ಡೇ ಕಳ್ಳರ ಕೈಗೆ ಸಿಕ್ಕರೆ ಅದನ್ನೂ ಅಳಿಸುತ್ತಾರೆ. 2022ರಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಮ್‌ವೇರ್ ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳನ್ನೇ ಹುಡುಕಿ ಹುಡುಕಿ ಹಿಡಿಯಿತು. ಮನೆಯಿಂದ ಬಳಸಬೇಕಾದರೆ ವಿಪಿಎನ್ (ಕಚೇರಿಯ ನೆಟ್‌ವರ್ಕಿಗೆ ಬರುವ ಸುರಕ್ಷಿತ ದಾರಿ) ಮೂಲಕವೇ ಬನ್ನಿ.

ನ್ಯಾಸ್‌ಗೆ ಒಬ್ಬ ಯಜಮಾನ ಬೇಕು. ಅಪ್‌ಡೇಟ್ ಹಾಕಬೇಕು, ಡಿಸ್ಕ್ ಎಚ್ಚರಿಕೆಯ ಮೇಲ್ ಓದಬೇಕು, ಯುಪಿಎಸ್ ಬ್ಯಾಟರಿ ನೋಡಬೇಕು. ಅಂಥವರು ಕಚೇರಿಯಲ್ಲಿ ಇಲ್ಲದಿದ್ದರೆ ಕೊಳ್ಳಬೇಡಿ. ಬೆಂಕಿ, ನೀರು, ಕಳ್ಳತನ ಆದರಂತೂ ಡಿಸ್ಕ್ ಎಷ್ಟಿದ್ದರೂ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಒಟ್ಟಿಗೇ ಹೋಗುತ್ತವೆ.

ಅದಕ್ಕೇ ಆಬ್ಜೆಕ್ಟ್ ಸ್ಟೋರೇಜ್ ಕಡೆ ಹೋದೆವು. ಒಂದೊಂದು ಫೈಲನ್ನೂ ಒಂದು ಹೆಸರಿನಡಿ ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಇಡುವ ಜಾಗ ಅದು. ಅಮೆಜಾನ್ ಎಸ್3 2006ರಲ್ಲಿ ಶುರುವಾಯಿತು. ಈಗ ಬ್ಯಾಕ್‌ಬ್ಲೇಜ್ ಬಿ2, ಕ್ಲೌಡ್‌ಫ್ಲೇರ್ ಆರ್2 ಹೀಗೆ ಹಲವು ಇವೆ. ದಿನದ ಕೆಲಸಕ್ಕೆ ಇದು ಹೇಳಿದ್ದಲ್ಲ. ಡ್ರೈವ್ ಥರ ಜೋಡಿಸಿ ನೋಡಿದೆವು, ಫೈಲ್ ತೆರೆಯುವಷ್ಟರಲ್ಲಿ ತಾಳ್ಮೆ ಮುಗಿಯಿತು. ಬ್ಯಾಕಪ್ ಇಡಲು ಮಾತ್ರ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಆಬ್ಜೆಕ್ಟ್ ಲಾಕ್ ಹಾಕಿದರೆ ಗೊತ್ತುಮಾಡಿದ ಅವಧಿ ಮುಗಿಯುವವರೆಗೆ ಆ ಕಾಪಿಯನ್ನು ಅಡ್ಮಿನ್ ಕೂಡ ಅಳಿಸಲಾಗದಂತೆ ಮಾಡಬಹುದು.

ದರಪಟ್ಟಿ ಮಾತ್ರ ಪೂರ್ತಿ ಓದಿ. ಇಡುವುದಕ್ಕೆ ಒಂದು ದರ, ಹೊರಗೆ ತೆಗೆಯುವುದಕ್ಕೆ ಇನ್ನೊಂದು. ಎಸ್3 ಇಳಿಸಿಕೊಳ್ಳುವುದಕ್ಕೂ ಹಣ ಕೇಳುತ್ತದೆ, ಆರ್2 ಅದನ್ನು ಕೇಳುವುದಿಲ್ಲ. ಅಮೆಜಾನಿನ ಗ್ಲೇಸಿಯರ್ ಡೀಪ್ ಆರ್ಕೈವ್ ತುಂಬಾ ಅಗ್ಗ, ಆದರೆ ಫೈಲ್ ಕೇಳಿದರೆ ಸಾಮಾನ್ಯ ಕ್ರಮದಲ್ಲಿ 12 ಗಂಟೆಯವರೆಗೆ, ಇನ್ನೂ ಅಗ್ಗದ ಕ್ರಮದಲ್ಲಿ 48 ಗಂಟೆಯವರೆಗೆ ಕಾಯಬೇಕು, 180 ದಿನಕ್ಕೆ ಮೊದಲೇ ಅಳಿಸಿದರೂ ಪೂರ್ತಿ ಅವಧಿಯ ಹಣ ಕೊಡಬೇಕು. ಹಳೆ ಪ್ರಾಜೆಕ್ಟ್‌ಗಳಿಗೆ ಸರಿ. ನಾಳೆಯೇ ಬೇಕಾಗಬಹುದಾದ ಬ್ಯಾಕಪ್‌ಗೆ ಬೇಡ. ಇನ್ನು ಟೇಪ್: ಎಲ್‌ಟಿಒ-9 ಅನ್ನುವ ಬಗೆಯ ಒಂದು ಕ್ಯಾಸೆಟ್ಟಲ್ಲಿ 18 ಟಿಬಿ ಹಿಡಿಯುತ್ತದೆ, ಡ್ರೈವ್ ಬೆಲೆ ವಿಪರೀತ, ನೂರಾರು ಟಿಬಿ ಇದ್ದವರಿಗೆ ಮಾತ್ರ.

ನಾವು ಕೊನೆಗೆ ಉಳಿಸಿಕೊಂಡಿದ್ದು ಹೀಗಿದೆ. ದೊಡ್ಡ ಫೈಲು, ಲೆಕ್ಕದ ಡೇಟಾ ನ್ಯಾಸ್‌ನಲ್ಲಿ. ದಾಖಲೆ, ಸ್ಪ್ರೆಡ್‌ಶೀಟ್ ಸಿಂಕ್ ಕ್ಲೌಡಲ್ಲಿ. ರಾತ್ರಿ ಎರಡೂ ಎನ್‌ಕ್ರಿಪ್ಟ್ ಆಗಿ (ಕೀ ಇಲ್ಲದೆ ಓದಲಾಗದ ರೂಪಕ್ಕೆ ಬದಲಾಗಿ) ಲಾಕ್ ಇರುವ ಆಬ್ಜೆಕ್ಟ್ ಸ್ಟೋರೇಜಿಗೆ ಹೋಗುತ್ತವೆ. ನಿಮ್ಮ ಕೆಲಸ ಬರೀ ದಾಖಲೆಗಳದ್ದು, ಜನ ಬೇರೆ ಬೇರೆ ಊರಲ್ಲಿದ್ದಾರೆ ಅಂದರೆ ನ್ಯಾಸ್ ಬೇಕಾಗಿಲ್ಲ. ಸಿಂಕ್ ಕ್ಲೌಡ್ ಸಾಕು, ಅದರ ಬ್ಯಾಕಪ್ ಮಾತ್ರ ಬೇರೆ ಕಂಪನಿಯ ಕಡೆ ಇರಲಿ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ, ಬೇರೆ ಕಡೆ ಕಾಪಿ ಇಡದ ಎಷ್ಟೋ ಗ್ರಾಹಕರ ಡೇಟಾ ಶಾಶ್ವತವಾಗಿ ಹೋಯಿತು.

ಎನ್‌ಕ್ರಿಪ್ಶನ್ ಕೀಯನ್ನು ಕಾಗದದಲ್ಲಿ ಬರೆದು ಕಚೇರಿಯಿಂದ ಹೊರಗೆ ಇಡಿ. ನ್ಯಾಸ್ ಒಳಗೇ ಇಟ್ಟರೆ, ನ್ಯಾಸ್ ಹೋದ ದಿನ ಆ ಬ್ಯಾಕಪ್ ತೆರೆಯಲು ಯಾರಿಂದಲೂ ಆಗುವುದಿಲ್ಲ.