ಗಾಜಿನ ಪೆಟ್ಟಿಗೆಯಲ್ಲಿರುವ ಗಾಲಿಯ ಆನೆ

ಜರ್ಮನಿಯ ಆಟಿಕೆ ಸಂಗ್ರಹಾಲಯವೊಂದರಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಸೇರಿದ ಸ್ಟೈಫ್ ಕಂಪನಿಯ ಆನೆಯೊಂದು ನಾಲ್ಕು ಕಬ್ಬಿಣದ ಗಾಲಿಗಳ ಮೇಲೆ ನಿಂತಿದೆ. ಹಳತೆಂಬ ಗೌರವವನ್ನು ಸ್ವಲ್ಪ ಬದಿಗಿಟ್ಟು, ಮಕ್ಕಳು ಎಳೆದಾಡಲು ಮಾಡಿದ ಆಟಿಕೆಯಾಗಿಯೇ ಇದನ್ನು ಅಳೆದರೂ ಇದು ಮೇಲ್ಮಟ್ಟದ ಕೆಲಸವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಆನೆಯ ಮೈ ಬೂದು ಬಣ್ಣದ ಫೆಲ್ಟ್‌ನದು. ಫೆಲ್ಟ್ ನೇಯ್ದ ಬಟ್ಟೆಯಲ್ಲ. ಉಣ್ಣೆಯ ಎಳೆಗಳನ್ನು ಶಾಖ, ತೇವ ಮತ್ತು ಒತ್ತಡದಿಂದ ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದ ಹಾಳೆಯಾದ್ದರಿಂದ, ಅದನ್ನು ಕತ್ತರಿಸಿದರೆ ಅಂಚಿನಲ್ಲಿ ನೂಲು ಬಿಚ್ಚಿಕೊಳ್ಳುವುದಿಲ್ಲ. ಈ ಆನೆಯ ಅಗಲವಾದ ಕಿವಿಗಳಿಗೂ ಬೆನ್ನಿನ ಕೆಂಪು ಹೊದಿಕೆಗೂ ಅಂಚು ಮಡಿಸಿ ಹೊಲಿಯದೆ ಬಿಟ್ಟಿರುವುದು ಈ ಗುಣವನ್ನು ನಂಬಿಯೇ, ಮತ್ತು ಆ ಅಂಚುಗಳು ಇಂದಿಗೂ ಚೊಕ್ಕವಾಗಿವೆ. ಒಳಗೆ ಗಟ್ಟಿಯಾಗಿ ತುಂಬಿರುವುದು ಮರದಿಂದ ತೆಗೆದ ತೆಳುವಾದ ಸುರುಳಿ ಎಳೆಗಳನ್ನು. ಅಪ್ಪಿಕೊಂಡು ಮಲಗಲು ಇದು ತಕ್ಕದ್ದಲ್ಲ, ಆದರೆ ಹತ್ತಿಯನ್ನು ತುಂಬಿದ್ದರೆ ಕಾಲುಗಳು ಕುಸಿದು ಹೊಟ್ಟೆ ನೆಲಕ್ಕೆ ಜೋಲುತ್ತಿತ್ತು.

ಗಾಲಿಗಳ ಬಗ್ಗೆ ನನಗೆ ಒಂದು ಆಕ್ಷೇಪವಿದೆ. ಮುಂದಿನ ಅಚ್ಚು ಹಿಂದಿನದರಂತೆಯೇ ಸ್ಥಿರವಾಗಿರುವುದರಿಂದ ಆನೆ ನೇರವಾಗಿ ಮಾತ್ರ ಸಾಗಬಲ್ಲದು; ತಿರುವಿನಲ್ಲಿ ಮಗು ಅದನ್ನು ಎತ್ತಿಯೋ ಜಗ್ಗಿಯೋ ತಿರುಗಿಸಬೇಕಾಗುತ್ತಿತ್ತು, ಹಾಗೆ ಜಗ್ಗಿದಾಗಲೆಲ್ಲ ಭಾರ ಬೀಳುತ್ತಿದ್ದದ್ದು ಪಾದಗಳ ಹೊಲಿಗೆಯ ಮೇಲೆ. ಅಲ್ಲಿನ ಫೆಲ್ಟ್ ಉಳಿದೆಡೆಗಿಂತ ಹೆಚ್ಚು ಸವೆದಿದೆ.

ಈ ಕಂಪನಿಗೂ ಆನೆಗೂ ಇರುವ ನಂಟು ಹಳೆಯದು. 1847ರಲ್ಲಿ ಗೀಂಗೆನ್ ಊರಿನಲ್ಲಿ ಹುಟ್ಟಿ, ಎಳವೆಯಲ್ಲೇ ಪೋಲಿಯೊಗೆ ತುತ್ತಾಗಿ, ಗಾಲಿಕುರ್ಚಿಯಲ್ಲೇ ಬದುಕು ಕಟ್ಟಿಕೊಂಡ ಮಾರ್ಗರೇಟ್ ಸ್ಟೈಫ್ 1880ರಲ್ಲಿ ಸೂಜಿ ಚುಚ್ಚಿಡಲೆಂದು ಫೆಲ್ಟ್‌ನ ಪುಟ್ಟ ಆನೆಯನ್ನು ಹೊಲಿದರು. ಮಕ್ಕಳು ಅದನ್ನು ಆಟಕ್ಕೆ ಎತ್ತಿಕೊಂಡದ್ದೇ ಆಟಿಕೆ ಉದ್ಯಮಕ್ಕೆ ದಾರಿಯಾಯಿತು. ಕಂಪನಿಯ ಗುರುತಾಗಿ ಆಟಿಕೆಗಳ ಕಿವಿಗೆ ಲೋಹದ ಗುಂಡಿ ಹಾಕುವ ಪದ್ಧತಿ ಬಂದದ್ದು 1904ರಲ್ಲಿ.

ಸಂಗ್ರಹಾಲಯದವರು ಸೊಂಡಿಲಿನ ತುದಿಯ ಹರಕನ್ನು ಹೊಸ ಬಟ್ಟೆಯಿಂದ ಮುಚ್ಚದೆ ಹಾಗೆಯೇ ಉಳಿಸಿರುವುದು ತುಂಬ ಒಳ್ಳೆಯ ನಿರ್ಧಾರ, ಏಕೆಂದರೆ ಒಳಗಿನ ಮರದ ಎಳೆಗಳು ಕಣ್ಣಿಗೆ ಕಾಣುವುದು ಅಲ್ಲಿ ಮಾತ್ರ. ಇಂಥ ವಸ್ತುವನ್ನು ಕಾಪಾಡುವುದು ಸುಲಭವಲ್ಲ: ಕಬ್ಬಿಣಕ್ಕೆ ಒಣ ಗಾಳಿ ಬೇಕು, ಉಣ್ಣೆ ತೀರ ಒಣಗಿದರೆ ಪೆಡಸಾಗುತ್ತದೆ, ಜೊತೆಗೆ ಬಣ್ಣ ಮಾಸದಿರಲು ಬೆಳಕು 50 ಲಕ್ಸ್‌ನ (ಲಕ್ಸ್ ಬೆಳಕಿನ ಅಳತೆಮಾನ) ಆಸುಪಾಸಿನಲ್ಲಿ, ಅಂದರೆ ಸಾಕಷ್ಟು ಮಂದವಾಗಿ, ಇರಬೇಕು. ಹಾಗಾಗಿ ಕೋಣೆಯ ಮಬ್ಬನ್ನು ನಾನು ದೋಷವೆಂದು ಎಣಿಸುವುದಿಲ್ಲ.

ದೋಷವಿರುವುದು ಪೀಠದ ಎತ್ತರದಲ್ಲಿ. ದೊಡ್ಡವರ ಎದೆಮಟ್ಟಕ್ಕೆ ಇಟ್ಟಿರುವುದರಿಂದ, ಯಾರಿಗಾಗಿ ಈ ಆನೆಯನ್ನು ಮಾಡಲಾಯಿತೋ ಆ ವಯಸ್ಸಿನ ಮಕ್ಕಳಿಗೆ ಪೀಠದ ಮರವಷ್ಟೇ ಕಾಣುತ್ತದೆ. ವಿವರ ಫಲಕದಲ್ಲಿ ತಯಾರಕರ ಹೆಸರೂ ಕಾಲವೂ ಇವೆ, ಫೆಲ್ಟ್ ಮತ್ತು ಒಳತುಂಬುವಿಕೆಯ ಬಗ್ಗೆ ಒಂದು ಸಾಲೂ ಇಲ್ಲ. ಪೀಠವನ್ನು ತಗ್ಗಿಸಿ, ಆನೆಯ ಕೆಳಗೆ ಒಂದು ಕನ್ನಡಿಯನ್ನಿಟ್ಟರೆ ಅಚ್ಚು ಪಾದಗಳಿಗೆ ಸೇರುವ ಬಗೆಯೂ ಎಲ್ಲರಿಗೂ ಕಾಣುತ್ತದೆ. ಅಲ್ಲಿಯವರೆಗೆ, ಮಕ್ಕಳೊಂದಿಗೆ ಹೋಗುವವರು ಅವರನ್ನು ಎತ್ತಿಕೊಂಡು ಪೆಟ್ಟಿಗೆಯ ಪಕ್ಕದಿಂದ, ಗಾಲಿಗಳ ಕಡೆಯಿಂದಲೇ ಆನೆಯನ್ನು ತೋರಿಸುವುದು ಒಳ್ಳೆಯದು.