ಬೇರೆ ಕಂಪನಿಯ ಕ್ಯಾಮೆರಾ ಬ್ಯಾಟರಿ: ಬಳಸಬಹುದು, ಆದರೆ ಅದು ತೋರಿಸುವ ಪರ್ಸೆಂಟೇಜ್ ನಂಬಬೇಡಿ

ಒಂದು ಒರಿಜಿನಲ್ ಬ್ಯಾಟರಿಯ ದುಡ್ಡಿಗೆ ಬೇರೆ ಕಂಪನಿಯವು ಎರಡು ಬರುತ್ತವೆ, ಕೆಲವೊಮ್ಮೆ ಜೊತೆಗೆ ಚಾರ್ಜರೂ ಸಿಗುತ್ತದೆ. ಹೊಸದರಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ. ನಿಜವಾದ ಗುಣ ಗೊತ್ತಾಗುವುದು ಚಾರ್ಜು ಮುಗಿಯುವ ಹೊತ್ತಿಗೆ, ಮತ್ತೆ ಬ್ಯಾಟರಿಗೆ ವಯಸ್ಸಾದಾಗ.

ಮೊದಲು ಲೇಬಲ್ ವಿಷಯ. ಕ್ಯಾನನ್‌ನ ಎಲ್‌ಪಿ-ಇ6 ಬ್ಯಾಟರಿ 1800 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಇತ್ತು, ಇ6ಎನ್‌ನಲ್ಲಿ 1865 ಆಯಿತು, ಇ6ಎನ್‌ಎಚ್‌ನಲ್ಲಿ 2130. ಬ್ಯಾಟರಿಯ ಹೊರಗಿನ ಗಾತ್ರ ಮೂರಕ್ಕೂ ಒಂದೇ. ಅಷ್ಟೇ ಜಾಗದಲ್ಲಿ ಯಾರೋ 2800 ತುಂಬಿದ್ದೇವೆ ಎಂದರೆ ಅದು ಮುದ್ರಣದ ಸಾಮರ್ಥ್ಯವೇ ಹೊರತು ಸೆಲ್ಲಿನದಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ನೋಡಿ: ಈ ಗಾತ್ರದ ಒರಿಜಿನಲ್ ಸುಮಾರು 80 ಗ್ರಾಂ ತೂಗುತ್ತದೆ. ಹತ್ತು ಹದಿನೈದು ಗ್ರಾಂ ಕಡಿಮೆ ಬಂದರೆ ಒಳಗೆ ಚಿಕ್ಕ ಸೆಲ್ ಇರುವ ಸಂಭವವೇ ಹೆಚ್ಚು.

ಇನ್ನು ಪರ್ಸೆಂಟೇಜ್. ಇಂಥ ಬ್ಯಾಟರಿಯ ಒಳಗೆ ಎರಡು ಲಿಥಿಯಂ ಅಯಾನ್ ಸೆಲ್‌ಗಳು ಸರಣಿಯಲ್ಲಿರುತ್ತವೆ. ತುಂಬಿದಾಗ ಒಟ್ಟು 8.4 ವೋಲ್ಟ್. ಒಳ್ಳೆಯ ಒರಿಜಿನಲ್ ಬ್ಯಾಟರಿಯ ಚಿಪ್ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಲೆಕ್ಕ ಇಟ್ಟು ಕ್ಯಾಮೆರಾಗೆ ಹೇಳುತ್ತದೆ. ಅಗ್ಗದ ನಕಲಿನಲ್ಲಿ ಲೆಕ್ಕವೆಲ್ಲ ಬರೀ ವೋಲ್ಟೇಜ್ ನೋಡಿ ಊಹಿಸಿದ್ದು. ಈ ಸೆಲ್‌ಗಳ ವೋಲ್ಟೇಜ್ ಮಧ್ಯದಲ್ಲಿ ತುಂಬ ಹೊತ್ತು ಹೆಚ್ಚು ಇಳಿಯದೆ, ಕೊನೆಯಲ್ಲಿ ದಡಕ್ಕನೆ ಬೀಳುತ್ತದೆ. ಹಾಗಾಗಿ ನೂರರ ಆಸುಪಾಸಿನಲ್ಲೇ ಬಹಳ ಹೊತ್ತು ನಿಂತ ಅಂಕಿ, 40ಕ್ಕೆ ಬಂದ ಮೇಲೆ ಕೆಲವೇ ನಿಮಿಷಗಳಲ್ಲಿ ಸೊನ್ನೆಯಾಗಬಹುದು.

ಹಳತಾದಂತೆ ಸೆಲ್ಲಿನ ಆಂತರಿಕ ರೋಧವೂ (ಕರೆಂಟಿಗೆ ಒಳಗೇ ಆಗುವ ತಡೆ) ಏರುತ್ತದೆ. ಬರ್ಸ್ಟ್ (ಒಂದರ ಹಿಂದೊಂದು ಪಟಪಟನೆ ತೆಗೆಯುವ ಫೋಟೊಗಳು) ಅಥವಾ 4ಕೆ ವಿಡಿಯೊ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಕ್ಯಾಮೆರಾ ಆಫ್ ಆಗುತ್ತದೆ. ಐದು ನಿಮಿಷ ಬಿಟ್ಟು ಆನ್ ಮಾಡಿದರೆ ಮತ್ತೆ 30 ಪರ್ಸೆಂಟ್! ಬ್ಯಾಟರಿ ಚೇತರಿಸಿಕೊಂಡಿದೆ ಅಂದುಕೊಂಡು ಮುಂದುವರಿಯಬೇಡಿ. ರೆಕಾರ್ಡಿಂಗ್ ನಡುವೆ ಹೀಗಾದರೆ ಆ ವಿಡಿಯೊ ಫೈಲ್ ಸರಿಯಾಗಿ ಮುಚ್ಚದೆ ಹಾಳಾಗಬಹುದು. ವಿಡಿಯೊಗೆ ಬಳಸುವುದಾದರೆ 40 ಕಂಡಾಗಲೇ ಬದಲಿಸಿ. ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್‌ಗೂ, ಕನ್ನಡಿ ಎತ್ತಿ ಸೆನ್ಸರ್ ಒರೆಸುವುದಕ್ಕೂ ಒರಿಜಿನಲ್ಲೇ ಇರಲಿ; ಒರೆಸುವಾಗ ಅರ್ಧದಲ್ಲಿ ಕರೆಂಟ್ ಹೋದರೆ ಕನ್ನಡಿ, ಶಟರ್ ಎರಡೂ ಕೆಲಸ ನಡೆಯುತ್ತಿರುವಾಗಲೇ ಮುಚ್ಚಿಕೊಳ್ಳುತ್ತವೆ.

ಹೊಂದಾಣಿಕೆಯಲ್ಲೂ ತೊಡಕುಗಳಿವೆ. ಕ್ಯಾನನ್‌ನದೇ ಇನ್ನೊಂದು ಬ್ಯಾಟರಿ ಎಲ್‌ಪಿ-ಇ17ರ ನಕಲುಗಳಲ್ಲಿ ಎಷ್ಟೋ ಕ್ಯಾನನ್‌ನ ಚಾರ್ಜರಿನಲ್ಲಿ ಚಾರ್ಜ್ ಆಗುವುದಿಲ್ಲ, ಕ್ಯಾಮೆರಾದಲ್ಲಿ ಚಾರ್ಜ್ ಮಟ್ಟವನ್ನೂ ತೋರಿಸುವುದಿಲ್ಲ. ನಿಕಾನ್‌ನಲ್ಲಿ ಒರಿಜಿನಲ್ ಇಎನ್-ಇಎಲ್15, 15ಎ ಇವೇ ಕ್ಯಾಮೆರಾದೊಳಗೆ ಯುಎಸ್‌ಬಿಯಿಂದ ಚಾರ್ಜ್ ಆಗುವುದಿಲ್ಲ, 15ಬಿ ಮತ್ತು 15ಸಿ ಆಗುತ್ತವೆ. ಆದ್ದರಿಂದ ಕೊಳ್ಳುವಾಗ 'ಕ್ಯಾಮೆರಾಗೆ ಹೊಂದುತ್ತದೆಯೇ' ಎಂದು ಕೇಳಿದರೆ ಸಾಲದು; ಕ್ಯಾಮೆರಾದೊಳಗೆ ಚಾರ್ಜ್ ಆಗುತ್ತದೆಯೇ ಎಂದೂ ಕೇಳಿ. ಫರ್ಮ್‌ವೇರ್ ಬದಲಾದ ಮೇಲೆ ಅದುವರೆಗೆ ನಡೆಯುತ್ತಿದ್ದ ಬ್ಯಾಟರಿಯನ್ನೇ ಕ್ಯಾಮೆರಾ ಒಪ್ಪದಿರುವುದೂ ಉಂಟು.

ಎರಡು ಬ್ಯಾಟರಿಯ ಯುಎಸ್‌ಬಿ ಚಾರ್ಜರ್ ಅನುಕೂಲವೇ, ಆದರೆ ಅವಸರಕ್ಕೆ ಆಗದು. 14 ವ್ಯಾಟ್ ಅವರ್ (ಒಟ್ಟು ಶಕ್ತಿಯ ಅಳತೆ) ಹಿಡಿಯುವ ಎರಡು ಬ್ಯಾಟರಿಗೆ ಒಟ್ಟು 28 ಬೇಕು. 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಕೊಡುವುದು 10 ವ್ಯಾಟ್, ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಮೂರೂವರೆ ಗಂಟೆಗೆ ಕಡಿಮೆಯಿಲ್ಲ. ಹಳೆಯ ಫೋನಿನ 1 ಆಂಪಿಯರ್ ಅಡಾಪ್ಟರ್ ಸಿಕ್ಕಿಸಿದರೆ ರಾತ್ರಿಯೆಲ್ಲ ಬೇಕು.

ಬ್ಯಾಟರಿ ಬಂದ ವಾರದಲ್ಲೇ, ವಾಪಸ್ ಮಾಡುವ ಅವಧಿ ಮುಗಿಯುವ ಮೊದಲು ಹೀಗೆ ಪರೀಕ್ಷಿಸಿ. ಪೂರ್ತಿ ಚಾರ್ಜ್ ಮಾಡಿ, ಆಟೊ ಪವರ್ ಆಫ್ ತೆಗೆದು, ವಿಡಿಯೊ ರೆಕಾರ್ಡಿಂಗ್ ಹಚ್ಚಿ ಕ್ಯಾಮೆರಾ ಸಾಯುವವರೆಗೆ ಓಡಿಸಿ. 29 ನಿಮಿಷ 59 ಸೆಕೆಂಡಿಗೆ ನಿಲ್ಲುವ ಮಾಡೆಲ್ ಆದರೆ ತಕ್ಷಣ ಮತ್ತೆ ಒತ್ತಿ. ಅದೇ ಲೆನ್ಸ್, ಅದೇ ಸೆಟ್ಟಿಂಗ್, ಅದೇ ಪರದೆ ಬೆಳಕಿನಲ್ಲಿ ಒರಿಜಿನಲ್ಲನ್ನೂ ಓಡಿಸಿ ನಿಮಿಷಗಳನ್ನು ಹೋಲಿಸಿ. ನಕಲು ಐದರಲ್ಲಿ ನಾಲ್ಕು ಭಾಗ ಬಂದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅರ್ಧಕ್ಕೆ ನಿಂತರೆ ವಾಪಸ್. ಆರು ತಿಂಗಳಿಗೊಮ್ಮೆ ಇದನ್ನೇ ಮಾಡಿದರೆ ಇಳಿಕೆ ಕಣ್ಣಿಗೆ ಕಾಣುತ್ತದೆ. ಬ್ಯಾಟರಿಗೆ ನಂಬರ್, ತಿಂಗಳು ಬರೆಯಲು ಪರ್ಮನೆಂಟ್ ಮಾರ್ಕರ್ ಸಾಕು. ಸ್ಟಿಕ್ಕರ್ ಅಂಟಿಸಿದರೆ ಅದರ ದಪ್ಪಕ್ಕೇ ಬ್ಯಾಟರಿ ಒಳಗೆ ಸಿಕ್ಕಿಕೊಳ್ಳಬಹುದು.

ತಿಂಗಳುಗಟ್ಟಲೆ ಬಳಸದಿದ್ದರೆ ಕ್ಯಾಮೆರಾದಿಂದ ತೆಗೆದು, ಅರ್ಧ ಚಾರ್ಜಿನಲ್ಲಿ ತಂಪಾದ ಜಾಗದಲ್ಲಿಡಿ. ಖಾಲಿಯಾಗಿ ಬಿಟ್ಟರೆ ಒಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದುಬಿಡುತ್ತದೆ, ಆಮೇಲೆ ಚಾರ್ಜರಿನ ದೀಪ ಸುಮ್ಮನೆ ಮಿಣುಕುತ್ತದೆ. ವಿಮಾನದಲ್ಲಿ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಮುಚ್ಚಳ ಹಾಕಿ.

ಕೊನೆಗೆ ಉಬ್ಬುವಿಕೆ. ಮೇಜಿನ ಮೇಲೆ ಚಪ್ಪಟೆಯಾಗಿಟ್ಟಾಗ ಬ್ಯಾಟರಿ ಅಲ್ಲಾಡಿದರೆ, ಅಥವಾ ಲಾಚ್ ಸರಿಸಿದರೂ ತಾನಾಗಿ ಮೇಲೆ ಬರದಿದ್ದರೆ ಅದು ಉಬ್ಬಿದೆ. ಚಾಕುವಿನಿಂದ ಮೀಟಬೇಡಿ, ಸೆಲ್ ತೂತಾದರೆ ಬೆಂಕಿಯೇ. ಬ್ಯಾಟರಿಯ ಬಾಗಿಲು ಕೆಳಮುಖವಾಗುವಂತೆ ಕ್ಯಾಮೆರಾ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಬರದಿದ್ದರೆ ಸರ್ವೀಸ್‌ನವರಿಗೆ ಬಿಡಿ. ಹೊರಬಂದದ್ದನ್ನು ಮತ್ತೆ ಚಾರ್ಜಿಗಿಡದೆ, ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.