ಸಾಮಿಕ್ ಸೇಜ್: ಬಿಲ್ಲು ಒಳ್ಳೆಯದೇ, ಪೌಂಡ್ ನೋಡಿ ಕೊಳ್ಳಿ

ಗುರಿ ನೋಡುವ ಸೈಟು, ಅಲುಗಾಟ ತಡೆಯುವ ಸ್ಟೆಬಿಲೈಜರ್, ರಾಟೆ ಯಾವುದೂ ಬೇಡ, ಮರದ ಬಿಲ್ಲಲ್ಲೇ ಕಲಿಯಬೇಕು ಅನ್ನುವವರಿಗೆ ಹೆಚ್ಚಿನವರು ಹೇಳುವ ಹೆಸರು ಕೊರಿಯಾದ ಸಾಮಿಕ್ ಕಂಪನಿಯ ಸೇಜ್. ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ಈ ಬಿಲ್ಲು ಕೊಂಡು ಎರಡೇ ತಿಂಗಳಿಗೆ ಅಟ್ಟಕ್ಕೆ ಎಸೆಯುವವರೂ ಇದ್ದಾರೆ. ಹೆಚ್ಚಾಗಿ ಅವರು ತೆಗೆದುಕೊಂಡಿರುವುದು 40 ಪೌಂಡಿನದ್ದು, ಅಂದರೆ ಹೆದೆ ಸೆಳೆಯಲು ಅಷ್ಟು ಬಲ ಬೇಡುವಂಥದ್ದು.

62 ಇಂಚಿನ, ಬಿಚ್ಚಿ ಜೋಡಿಸುವ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು ಇದು. ನಡುವೆ ರೈಸರ್ ಅನ್ನುವ ಮರದ ಹಿಡಿ, ಮೇಲೊಂದು ಕೆಳಗೊಂದು ಲಿಂಬ್ ಅನ್ನುವ ಬಾಗುವ ತೋಳು. ಲಿಂಬಿನ ಒಳಗೆ ಮೇಪಲ್ ಮರ, ಎರಡೂ ಮೈಗೆ ಫೈಬರ್‌ಗ್ಲಾಸ್. 25ರಿಂದ 60 ಪೌಂಡ್ ತನಕ ಐದೈದು ಪೌಂಡ್ ಅಂತರದಲ್ಲಿ ಲಿಂಬ್ ಸಿಗುತ್ತವೆ, ಎಲ್ಲವೂ ಅದೇ ರೈಸರ್‌ಗೆ ಕೂರುತ್ತವೆ. ಹಾಗಾಗಿ 25ರಲ್ಲಿ ಶುರುಮಾಡಿ, ಭುಜ ಪಳಗಿದ ಮೇಲೆ 35ರ ಲಿಂಬ್ ಮಾತ್ರ ತಂದರೆ ಆಯಿತು. ಇಷ್ಟು ಅನುಕೂಲವಿದ್ದೂ ಮೊದಲ ದಿನವೇ ಭಾರದ್ದನ್ನು ಕೊಳ್ಳುವುದು ಬರೀ ಪೌರುಷದ ಮಾತು.

ಲಿಂಬಿನ ಮೇಲೆ ಬರೆದಿರುವ ಪೌಂಡು 28 ಇಂಚು ಸೆಳೆದಾಗಿನ ಭಾರ. ನಿಮ್ಮ ಸೆಳೆತ ಎಷ್ಟೆಂದು ತಿಳಿಯಲು ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ. 165 ಸೆಂಟಿಮೀಟರ್ ಚಾಚುವವರಿಗೆ 66 ಸೆಂಟಿಮೀಟರ್, ಅಂದರೆ ಸುಮಾರು 26 ಇಂಚು. ಇಂಚಿಗೆ ಎರಡು ಪೌಂಡಿನಂತೆ ಕಳೆದರೆ ಅವರ ಕೈಯಲ್ಲಿ 30ರ ಬಿಲ್ಲು 26ರಷ್ಟೇ ಎಳೆಯುತ್ತದೆ. ಅನುಮಾನವಿದ್ದರೆ ಲಗೇಜ್ ತೂಗುವ ಕೊಕ್ಕೆತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ನಿಮ್ಮ ಅಳತೆಗೆ ಎಳೆದು ನೋಡಿ: 11.3 ಕೆಜಿ ಅಂದರೆ 25 ಪೌಂಡ್, 13.6 ಅಂದರೆ 30. ಗಟ್ಟಿ ಮೈಕಟ್ಟಿನ ವಯಸ್ಕರಿಗೆ 30, ಉಳಿದವರಿಗೆಲ್ಲ 25 ಸಾಕು. ಹೆದೆಯನ್ನು ಬಾಯಿಯ ಅಂಚಿಗೆ ತಂದು ಹತ್ತು ಎಣಿಸುವ ತನಕ ನಡುಗದೆ ನಿಲ್ಲಬೇಕು. ನಿಲ್ಲಲಾಗದವರು ಪ್ರತಿ ಬಾಣವನ್ನೂ ಅರ್ಧ ಸೆಳೆದೇ ಬಿಡುತ್ತಾರೆ, ಆ ಚಟ ಅಂಟಿದರೆ ಬಿಡಿಸುವುದು ಕಷ್ಟ. ಇನ್ನು 29 ಇಂಚಿಗಿಂತ ಉದ್ದ ಸೆಳೆಯುವ ಎತ್ತರದವರಿಗೆ ಈ ಬಿಲ್ಲು ಗಿಡ್ಡವಾಯಿತು.

ಜೋಡಣೆ ಸುಲಭ. ಪೌಂಡ್ ಬರೆದಿರುವ ಲಿಂಬ್ ಕೆಳಕ್ಕೆ. ಬೋಲ್ಟನ್ನು ಕೈಯಿಂದಲೇ ತಿರುಗಿಸಬೇಕು, ಸ್ಪ್ಯಾನರ್ ಮುಟ್ಟುವುದೇ ಬೇಡ. ಹೆದೆಯ ದೊಡ್ಡ ಕುಣಿಕೆ ಮೇಲಿನ ಲಿಂಬಿಗೆ, ಚಿಕ್ಕದು ಕೆಳಗಿನದಕ್ಕೆ. ಹೆದೆ ಏರಿಸಲು ಸ್ಟ್ರಿಂಗರ್ ಅನ್ನುವ ಹಗ್ಗ ಬೇಕೇ ಬೇಕು. ಅದು ಸಾಮಾನ್ಯವಾಗಿ ಬಿಲ್ಲಿನ ಜೊತೆ ಬರುವುದಿಲ್ಲ, ಅಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಸ್ಟ್ರಿಂಗರಿನ ಚೀಲವನ್ನು ಕೆಳತುದಿಗೆ ತೊಡಿಸಿ, ರಬ್ಬರ್ ತುಂಡನ್ನು ಮೇಲಿನ ಕುಣಿಕೆಯ ಹಿಂದೆ ಒತ್ತಿ, ಹಗ್ಗ ತುಳಿದು ಹಿಡಿಯನ್ನು ಎತ್ತಿ. ಲಿಂಬ್ ಬಾಗಿದಾಗ ಕುಣಿಕೆಯನ್ನು ಲಿಂಬಿನ ತುದಿಯ ತೋಡಿಗೆ ಜಾರಿಸಿ. ಬಿಲ್ಲನ್ನು ತೊಡೆಗೆ ಅಡ್ಡ ಹಾಕಿ ಬಗ್ಗಿಸುವವರ ಲಿಂಬ್ ಇಂದಲ್ಲ ನಾಳೆ ತಿರುಚುತ್ತದೆ. ಏರಿಸಿದ ಮೇಲೆ ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡಿ: ಹೆದೆ ಎರಡೂ ಲಿಂಬುಗಳ ನಟ್ಟನಡುವೆ ಗೆರೆ ಎಳೆದಂತೆ ಹಾದುಹೋಗಬೇಕು.

ಹಿಡಿಯ ಅತ್ಯಂತ ಒಳಬಾಗಿದ ಜಾಗದಿಂದ ಹೆದೆಗೆ ಇರುವ ದೂರ, ಅಂದರೆ ಬ್ರೇಸ್ ಹೈಟ್, 7.5ರಿಂದ 8.25 ಇಂಚಿನೊಳಗೆ ಇರಲಿ. ಕಡಿಮೆಯಾದರೆ ಹೆದೆ ಇಳಿಸಿ ನಾಲ್ಕೈದು ಸುತ್ತು ಹುರಿ ಕೊಟ್ಟು ಮತ್ತೆ ಏರಿಸಿ. ಡೇಕ್ರಾನ್ ನೂಲಿನ ಹೆದೆ ಹೊಸದರಲ್ಲಿ ಹಿಗ್ಗುತ್ತದೆ, ಮೊದಲ ವಾರ ದಿನವೂ ಅಳೆಯಿರಿ. ಅಳತೆ ಇಳಿದ ಹಾಗೆ ಹೆದೆ ಮುಂಗೈಗೆ ಚುರ್ರೆಂದು ಬಡಿಯುವುದೂ ಹೆಚ್ಚು. ಆದರೂ ಬಡಿತಕ್ಕೆ ಮುಖ್ಯ ಕಾರಣ ಬಿಲ್ಲು ಹಿಡಿದ ತೋಳಿನ ಮೊಣಕೈ. ಅದನ್ನು ಹೊರಕ್ಕೆ ತಿರುಗಿಸಿ, ಹಿಡಿಯನ್ನು ಗಟ್ಟಿಯಾಗಿ ಅಮುಕದೆ ನಿಂತರೆ ಅರ್ಧ ಸಮಸ್ಯೆ ಮುಗಿಯಿತು. ಉಳಿದರ್ಧಕ್ಕೆ ಆರ್ಮ್‌ಗಾರ್ಡ್ ಕಟ್ಟಿಕೊಳ್ಳಿ.

ಬಾಣದ ವಿಷಯದಲ್ಲಿ ಅಂಗಡಿಯವರ ಮಾತು ಕೇಳಿ ಸಿಕ್ಕಿದ್ದನ್ನು ತರಬೇಡಿ. ಸ್ಪೈನ್ ಅಂದರೆ ಬಾಣ ಎಷ್ಟು ಬಾಗುತ್ತದೆ ಎಂದು ಹೇಳುವ ಸಂಖ್ಯೆ, ಚಿಕ್ಕದಾದಷ್ಟೂ ಬಾಣ ಬಿರುಸು. ರಾಟೆಯ ಕಾಂಪೌಂಡ್ ಬಿಲ್ಲಿಗೆಂದು ಇಟ್ಟಿರುವ 340, 400 ಸ್ಪೈನಿನ ಕಾರ್ಬನ್ ಬಾಣ 30 ಪೌಂಡಿನ ಬಿಲ್ಲಿಗೆ ಬಿದಿರು ಗಳದಷ್ಟು ಬಿರುಸು. ಬಾಗದೆ ರೈಸರ್‌ಗೆ ತಾಗಿ, ಬಲಗೈಯವರಿಗೆ ಪ್ರತಿ ಸಲ ಎಡಕ್ಕೆ ಹೋಗುತ್ತದೆ. ತಮ್ಮ ಗುರಿಯೇ ಸರಿಯಿಲ್ಲವೆಂದು ಅವರು ತಿಂಗಳುಗಟ್ಟಲೆ ಕೊರಗುತ್ತಾರೆ. 25, 30 ಪೌಂಡಿಗೆ 600ರಿಂದ 800ರೊಳಗಿನದ್ದು ನೋಡಿ. ಬಿಲ್ಲು ಹಗುರವಾದಷ್ಟೂ ಸಂಖ್ಯೆ ದೊಡ್ಡದು. ಗರಿ ನಿಜವಾದ ಹಕ್ಕಿಯ ಗರಿಯೇ ಆಗಿರಲಿ. ರೈಸರಿನಲ್ಲಿ ಬಾಣ ಕೂರುವ ಮೆಟ್ಟಿಲ ಮೇಲಿಂದ ನೇರ ಬಿಡುವಾಗ ಪ್ಲಾಸ್ಟಿಕ್ ಗರಿ ಮಡಚದೆ ಬಡಿದು ಬಾಣದ ಬಾಲ ಎಗರಿಸುತ್ತದೆ.

ಬಾಣದ ಹಿಂತುದಿಯ ಸೀಳು ಹೆದೆಗೆ ಎಷ್ಟು ಬಿಗಿ ಇರಬೇಕು ಎನ್ನುವುದಕ್ಕೆ ಒಂದು ಪರೀಕ್ಷೆಯಿದೆ. ಬಿಲ್ಲನ್ನು ಅಡ್ಡ ಹಿಡಿದು, ಬಾಣವನ್ನು ಹೆದೆಗೆ ಸಿಕ್ಕಿಸಿ ಮೊನೆ ನೆಲದ ಕಡೆ ಇಳಿಬಿಡಿ. ತಾನಾಗಿ ತೂಗಾಡುತ್ತಾ ನಿಲ್ಲಬೇಕು. ಹೆದೆಯನ್ನು ಬೆರಳಿಂದ ಮೆಲ್ಲಗೆ ತಟ್ಟಿದ ಕೂಡಲೇ ಕಳಚಿ ಬೀಳಬೇಕು. ತಟ್ಟುವ ಮೊದಲೇ ಬಿದ್ದರೆ ಸಡಿಲ. ಅಂಥ ಬಾಣ ಬಿಡುವ ಹೊತ್ತಿಗೆ ಕಳಚಿಕೊಂಡರೆ ಬರಿಹೆದೆ ಬಿಟ್ಟಂತೆ. ಬಾಣವಿಲ್ಲದೆ ಹೆದೆ ಬಿಟ್ಟರೆ ಆ ಶಕ್ತಿಯೆಲ್ಲ ಲಿಂಬಿಗೇ ವಾಪಸು ಬಂದು ಪದರ ಬಿಟ್ಟುಕೊಳ್ಳುತ್ತದೆ. ಬಿಲ್ಲನ್ನು ನೋಡಲು ಕೇಳಿದ ನೆಂಟರ ಕೈಗೆ ಕೊಡುವ ಮುಂಚೆ ಇದನ್ನು ಹೇಳಿಯೇ ಕೊಡಿ.

ಹೆದೆಯಲ್ಲಿ ಬಾಣ ಕೂರುವ ಗುರುತು, ನಾಕಿಂಗ್ ಪಾಯಿಂಟ್, ನೀವೇ ಹಾಕಿಕೊಳ್ಳಬೇಕು: ಮೆಟ್ಟಿಲಿನಿಂದ ಹೆದೆಗೆ ಲಂಬವಾಗಿ ಬರುವ ಬಿಂದುವಿಗಿಂತ ಅರ್ಧ ಇಂಚು ಮೇಲೆ. ಸೆಳೆಯುವಾಗ ಬಾಣ ಮೆಟ್ಟಿಲಿಂದ ಆಚೆ ಬೀಳುತ್ತಿದ್ದರೆ ತೋರುಬೆರಳೂ ನಡುಬೆರಳೂ ಸೀಳನ್ನು ಚಿವುಟುತ್ತಿವೆ ಎಂದರ್ಥ. ಎರಡರ ನಡುವೆ ಸ್ವಲ್ಪ ಜಾಗ ಬಿಡಿ, ಇಲ್ಲವೇ ಮೂರೂ ಬೆರಳನ್ನು ಬಾಣದ ಕೆಳಗೆ ಇಡಿ. ಮೊದಲ ಎರಡು ವಾರ ಐದು ಮೀಟರಿನಲ್ಲಿ, ಗುರಿಕಾಗದವಿಲ್ಲದ ಹುಲ್ಲಿನ ಪಿಂಡಿಗೆ ಬಿಟ್ಟರೆ ಸಾಕು.

ನಮ್ಮಲ್ಲಿ ಸಿಗುವ ಬಿದಿರಿನ ಬಿಲ್ಲು ಇದಕ್ಕಿಂತ ಎಷ್ಟೋ ಅಗ್ಗ. ದೇಶದೊಳಗೆ 30 ಮತ್ತು 50 ಮೀಟರಿನಲ್ಲಿ ನಡೆಯುವ ಇಂಡಿಯನ್ ರೌಂಡ್ ಸ್ಪರ್ಧೆಗೆ ಇಳಿಯುವ ಆಸೆಯಿದ್ದರೆ ಬಿದಿರೇ ಸರಿ, ಅಲ್ಲಿ ಸೇಜ್ ನಡೆಯುವುದಿಲ್ಲ. ಆದರೆ ಬಿದಿರಿಗೆ ಲಿಂಬ್ ಬದಲಿಸಿ ಭಾರ ಏರಿಸುವ ದಾರಿಯಿಲ್ಲ, ಬಳಸುತ್ತಾ ಬಳಸುತ್ತಾ ಬಾಗಿದಂತೆಯೇ ಉಳಿಯುತ್ತದೆ.

ಆಟ ಮುಗಿದ ಮೇಲೆ ಹೆದೆ ಇಳಿಸಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಅಂಟು ಸಡಿಲವಾಗುತ್ತದೆ. ಮೂಲೆಗೆ ಒರಗಿಸಿಟ್ಟರೂ ಲಿಂಬ್ ತಿರುಚುತ್ತದೆ, ಗೂಟಕ್ಕೆ ನೇತುಹಾಕಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಚಿಟಿಕೆ ಹತ್ತಿ ಜೇಬಿನಲ್ಲಿರಲಿ. ಅದನ್ನು ಲಿಂಬಿನ ಎರಡೂ ಅಂಚಿಗೆ ತುದಿಯಿಂದ ಬುಡದ ತನಕ ಸವರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳು ಬಿಟ್ಟಿದೆ, ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಅದು ಬೇಡ.